ನಿಶಾ ಇಳಿಯೋತನಕ

ಇದು ಕಟ್ಟಿ ಹೇಳೋ ಮಾತಲ್ಲ. ಇಳಕಲ್ಲಿನ್ಯಾಗ ನಮ್ಮ ಬಾಜೂ ಮನಿ ಶಾರವ್ವಗ ಆಗಿದ್ದು...

ರಾತ್ರಿ ಹನ್ನೊಂದು ದಾಟಿತ್ತು. ಆಕಿ ಗಂಡನ್ನ ಹುಡುಕ್ಕೊಂತ, ಆಲದಗಿಡ ದಾಟಿ, ಹಳೇ ಕಲ್ಲಿನ ಖಣಿ ಕಡೆ ಹೊಂಟಿದ್ಲು. ಗಂಡ ನಾಗಲಿಂಗ ಗ್ರಾನೈಟ್ ಪಾಲಿಶ್ ಮಾಡಾಂವ. ಕುಡೀದಿದ್ರ ಬಂಗಾರದಂಥ ಮನಶಾ, ಮಗಳಿಗೆ ತಾನ ಹೆರಳು ಹಾಕಾಂವ. ಕುಡದ್ರ ಮಾತ್ರ, "ನಾ ಇರಬಾರ್ದು" ಅಂತ ಎದ್ದು ನಡೀತಿದ್ದ. ಎರಡು ಸಲ ಜೀವಾ ತಕ್ಕೊಳ್ಳಾಕ ಹೋಗಿ ಉಳದಿದ್ದ. ಎರಡೂ ಸಲ ಕುಡದಾಗನ. ಕುಡದ ನಿಶಾ ಇಳದ ಮ್ಯಾಲೆ ದವಾಖಾನಿ ಕಾಟಿನ ಮ್ಯಾಲೆ ಕೂತು, "ನಾ ಹಿಂಗ್ಯಾಕ ಮಾಡಿದೆ?" ಅಂತ ಸಣ್ಣ ಹುಡುಗನಂಗ ಅತ್ತಿದ್ದ.

"ನಿಶಾದಾಗ ಒಬ್ಬನ್ನ ಬಿಡಬ್ಯಾಡಮ್ಮ" ಅಂದಿದ್ರು ಡಾಕ್ಟರು. ಆರು ತಿಂಗಳಿಂದ ಶಾರವ್ವ ಬಿಟ್ಟಿದ್ದಿಲ್ಲ. ಹಗಲೆಲ್ಲ ಮಗ್ಗ, ರಾತ್ರಿಯೆಲ್ಲ ಇದು. ನೆಟ್ಟಗ ಕಣ್ಣು ಮುಚ್ಚಿದ್ದು ಆಕಿಗೆ ನೆನಪಿಲ್ಲ. ಅವತ್ತು ಮಾತ್ರ ಅಂವ ಕಣ್ಣು ತಪ್ಪಿಸಿ ಎದ್ದು ಹೋಗಿದ್ದ.

ಅಂವ ಖಣಿ ದಂಡಿಗೆ ಕೂತಿದ್ದ. ಕಾಲು ಇಳಿಬಿಟ್ಟು. ಹರಳು ಜಾರೋ ಸಪ್ಪಳ... ಚರ್ರ್...

ಹತ್ತು ಮಾರು ದೂರ, ಅಷ್ಟ. ಆಕಿ ದಣದು ಹೋಗಿದ್ಲು. ಅಲ್ಲೇ ಕುಸದು ಕೂತ್ಲು. 'ಇನ್ನ ಆಗಿದ್ದಾಗ್ಲಿ' ಅಂತ ಮನಸಿನ್ಯಾಗ ಬಂತು. ಆ ಮಾತಿಗೆ ಆಕಿ ಇವತ್ತಿಗೂ ಅಂಜ್ತಾಳ.

ಆಗ ಕೇಳ್ತು. ಗಾಜಿನ ಬಳಿಗೋಳ ಸಪ್ಪಳ. ಕಿಣ್... ಕಿಣ್...

ಗಂಡನ ಬಾಜೂ ಒಬ್ಬಾಕಿ ಹೆಣ್ಮಗಳು. ಅವನ ರಟ್ಟಿ ಗಟ್ಟಿ ಹಿಡದಿದ್ಲು.

"ಕೂಡಪ್ಪಾ. ನಿಶಾ ಇಳೀಲಿ. ಆಮ್ಯಾಲೆ ನೋಡೂಣು."

"ಬಿಡ ಬೇ..."

"ಬಿಡಂಗಿಲ್ಲ."

ದನಿ ಗುರುತು ಹತ್ತಿತು. ಹಿಂದಿನ ಓಣಿ ಸುಗರಾ! ಆಕಿ ಗಂಡ ಹುಸೇನಸಾಬ ಕುಡದ ನಿಶಾದಾಗ ಇದ ಖಣಿಯೊಳಗ ಜೀವಾ ಕಳಕೊಂಡಿದ್ದ. ಅವತ್ತು ಸುಗರಾ ಅವನ್ನ ಕಾದು ಕಾದು, ದಣದು, ಮಲಗಿಬಿಟ್ಟಿದ್ಲು. ವರ್ಷದೊಳಗ ಜ್ವರ ಬಂದು ಆಕಿನೂ ತೀರಿಹೋದ್ಲು. ಕಡೀ ಸಲ ಮಾರಿ ನೋಡಿ ಬಂದಾಕಿ ಇದ ಶಾರವ್ವ.

"ಸುಗರಾ ಅಕ್ಕಾ..."

ಆಕಿ ಹೊಳ್ಳಿ ನೋಡ್ಲಿಲ್ಲ. "ನೀ ಮಲಕ್ಕೋ ತಂಗಿ. ಇವತ್ತೊಂದು ರಾತ್ರಿ ನಾ ಹಿಡಕೊಂಡಿರ್ತೇನಿ."

ಓಡಿ ಹೋಗಬೇಕಿತ್ತು. ಅಂಜಾಕೂ ಶಕ್ತಿ ಉಳದಿದ್ದಿಲ್ಲ. ಶಾರವ್ವ ಕಲ್ಲಿಗೆ ತಲಿ ಕೊಟ್ಲು... ನಿದ್ದಿ ಹತ್ತಿಬಿಡ್ತು.

ಬೆಳಕು ಹರದಾಗ ನಾಗಲಿಂಗ ತಾನ ಆಕಿನ್ನ ಎಬ್ಬಿಸಿದ. ನಿಶಾ ಇಳದಿತ್ತು. ರಟ್ಟಿ ಒತ್ತಿಕೊಂತ ಹೇಳಿದ, "ಕುಡಿಯೂದು ಬಿಡಸೂ ದವಾಖಾನಿ ಐತೆಲ್ಲ... ಕರಕೊಂಡು ಹೋಗ ಶಾರೂ. ನನ್ನೊಬ್ಬನಿಂದ ಆಗೂದಿಲ್ಲ."

ಹೋದ್ರು. ಒಂಬತ್ತು ತಿಂಗಳಾತು. ನಡುವ ಒಮ್ಮೆ ಜಾರಿ ಕುಡದ, ಮತ್ತ ದವಾಖಾನಿಗೆ ಹೋದ. ಇನ್ನೂ ಹೋಗ್ತಾನ. ಶಾರವ್ವ ಈಗೀಗ ರಾತ್ರಿ ಮಲಗ್ತಾಳ.

ನಂಬ್ರಿ, ಬಿಡ್ರಿ. ಅವತ್ತು ಮುಂಜಾನೆ ಅವರಿಬ್ರು ಮನಿಗೆ ಬಂದಾಗ ನಾ ಕಟ್ಟಿ ಮ್ಯಾಲಿದ್ದೆ. ರಾತ್ರಿ ಕಾಲಿಂದ ಜಾರಿ ಖಣ್ಯಾಗ ಬಿದ್ದಿದ್ದ ಚಪ್ಪಲಿ ನಾಗಲಿಂಗನ ಕೈಯಾಗಿದ್ವು, ನೀರು ತಟತಟ ಸೋರ್ತಿದ್ವು. ಶಾರವ್ವ ಎದ್ದಾಗ ಆಕಿ ತಲಿ ಹತ್ರ ಯಾರೋ ಜೋಡಿಸಿ ಇಟ್ಟಿದ್ರಂತ. ಆ ಖಣ್ಯಾಗ ನೀರು ಅರವತ್ತು ಫೂಟು ಕೆಳಗೈತಿ. ಇಳಿಯಾಕ ಒಂದು ಮೆಟ್ಟಲಾ ಇಲ್ಲ.

ನಾನ ಮುಟ್ಟಿ ನೋಡೇನಿ. ತಣ್ಣಗಿದ್ವು.