ಎರಡು ನುಡಿಯ ರೊಟ್ಟಿ

ಇಂದಿನ ಸಮಾರಂಭದ ಅಧ್ಯಕ್ಷರೂ ನಮ್ಮ ಕೇರಿಯ ಹಿರಿಯರೂ ಆದ ಇಸ್ಮತುಲ್ಲೊ ಅವರೇ, ತಾಷ್ಕೆಂಟಿನಿಂದ ಇಷ್ಟು ದೂರ ಬಂದಿರುವ ಭಾಷಾ ಪ್ರಾಧ್ಯಾಪಕಿ ಸುರಯ್ಯೊ ಅವರೇ, ಸಂಗ್ರಹಾಲಯದ ಅಧಿಕಾರಿಗಳೇ, ಪುಲಾವ್ ಆರುವ ಮುಂಚೆ ಇವನ ಮಾತು ಮುಗಿಯಲಿ ಎಂದು ಮುಂದಿನ ಸಾಲಿನಲ್ಲಿ ಕುಳಿತು ಹಾರೈಸುತ್ತಿರುವ ನನ್ನ ರೊಟ್ಟಿ ಅಂಗಡಿಗಳ ಗೆಳೆಯರೇ, ಹಿಂದಿನ ಸಾಲುಗಳ ತಾಯಂದಿರೇ, ಸಭಿಕರೇ,

ನನ್ನ ಮೈಮೇಲೆ ನೀವು ಈಗ ಹೊದಿಸಿದ ಈ ಜರಿಯ ನಿಲುವಂಗಿ ಭಾರವಾಗಿದೆ. ಆದರೆ ನಾನು ಬಾಗುವುದಿಲ್ಲ. ನಲವತ್ತಮೂರು ವರ್ಷ ಒಲೆಯೊಳಗೆ ತಲೆ ತೂರಿಸಿ ಬಾಗಿದ್ದು ಸಾಕು. ಇವತ್ತು ಎದೆ ಸೆಟೆಸಿ ನಿಲ್ಲುತ್ತೇನೆ. ಸಮರ್ಕಂದದಲ್ಲಿ ರೊಟ್ಟಿ ಸುಡುವವರು ಎಷ್ಟು ಮಂದಿ ಇಲ್ಲ? ಅವರಲ್ಲಿ ಯಾರ ರೊಟ್ಟಿಯನ್ನು ತಿನ್ನುವ ಮುಂಚೆ ಜನ ಓದುತ್ತಾರೆ? ಯಾರ ರೊಟ್ಟಿಯ ಹಿಟ್ಟಿಗೆ ಒತ್ತುವ ಮೊಳೆಯ ಅಚ್ಚುಗಳು ಗಾಜಿನ ಪೆಟ್ಟಿಗೆಯೊಳಗೆ ಕೂತು ಸಂಗ್ರಹಾಲಯಕ್ಕೆ ಹೋಗುತ್ತಿವೆ? ಮೇಜಿನ ಮೇಲಿದೆ ನೋಡಿ, ಮೂವತ್ತೊಂದು ಅಚ್ಚು. ಕೆಳಗೆ ಹಿತ್ತಾಳೆಯ ಫಲಕ: "ಉಸ್ತೊ ಜಿಯೊವುದ್ದೀನರ ಅಚ್ಚುಗಳು." ನನ್ನ ಹೆಸರನ್ನು, ಅದೂ ಕಸುಬಿನ ಗುರು ಎಂಬ ಬಿರುದಿನ ಸಮೇತ, ಹಿತ್ತಾಳೆಯಲ್ಲಿ ನೋಡುವುದು ಇದೇ ಮೊದಲು. ಸುಳ್ಳೇಕೆ ಹೇಳಲಿ, ಬೆಳಿಗ್ಗೆಯಿಂದ ನಾಲ್ಕು ಸಲ ಓದಿದ್ದೇನೆ.

ನಮ್ಮ ಕೇರಿಯ ಸಂಗತಿ ನಿಮಗೆ ಗೊತ್ತು. ಗೋಡೆಯ ಈಚೆ ತಾಜಿಕ್ ಮಾತಾಡುವ ಮನೆ, ಆಚೆ ಉಜ್ಬೆಕ್ ಮಾತಾಡುವ ಮನೆ. ಹುಟ್ಟಿನಲ್ಲಿ ಈ ಎರಡು ನುಡಿಗಳಿಗೂ ಯಾವ ನೆಂಟಸ್ತಿಕೆಯೂ ಇಲ್ಲ ಎಂದು ಪ್ರಾಧ್ಯಾಪಕಿಯವರು ಈಗತಾನೇ ವಿವರಿಸಿದರು. ಹಾಗಿದ್ದೂ ಕೆಲವು ಪದಗಳು ಎರಡರಲ್ಲೂ ಒಂದೇ ಅಂಗಿ ತೊಟ್ಟು ಓಡಾಡುತ್ತವೆ. 'ಬೇಶ್' ಎಂದರೆ ಉಜ್ಬೆಕರಿಗೆ ಐದು, ನಮಗೆ ಹೆಚ್ಚು. 'ಒನ್' ಎಂದರೆ ಅವರಿಗೆ ಹತ್ತು, ನಮಗೆ ಅದು. 'ಬೋಶ್' ಎಂದರೆ ಅವರಿಗೆ ತಲೆ; ನಾವು ಅದನ್ನು ಮಗುವಿಗೆ ಹರಸುವಾಗ ಹೇಳುತ್ತೇವೆ, ಬಾಳಿರು ಎಂದು. ಒಬ್ಬರಿಂದ ಒಬ್ಬರು ಪಡೆದ ಪದಗಳು ನಮ್ಮ ಲೆಕ್ಕಕ್ಕಿಲ್ಲ. ಅಂಥವು ಬೇಕಾದಷ್ಟಿವೆ. ಒಬ್ಬರಿಗೊಬ್ಬರು ಏನೂ ಆಗದೆ, ಬರಿಯ ಆಕಸ್ಮಿಕಕ್ಕೆ ಒಂದೇ ಮುಖ ಹೊತ್ತು ಹುಟ್ಟಿದ ಪದಗಳು ಮಾತ್ರ ನಮ್ಮ ರೊಟ್ಟಿಯ ಮೇಲೆ ಬರುತ್ತವೆ.

ಒಮ್ಮೆ ಹಿಂದೂಸ್ತಾನದ ಪ್ರವಾಸಿಯೊಬ್ಬರು ಅಂಗಡಿಗೆ ಬಂದು, 'ಬೇಶ್' ಅಚ್ಚಿನ ರೊಟ್ಟಿಯ ಹೆಸರು ಕೇಳಿ, ನನ್ನ ಬೆನ್ನು ತಟ್ಟಿದರು. ಅವರ ಕಡೆ ಹಾಗೆಂದರೆ ಶಹಬ್ಬಾಸ್ ಅಂತೆ! ಆಮೇಲೊಮ್ಮೆ ಅಂಗಡಿಗೆ ಬಂದ ಪ್ರಾಧ್ಯಾಪಕಿಯವರಿಗೆ ಹೇಳಿದರೆ ಅವರು ಕನ್ನಡಕ ಸರಿಮಾಡಿಕೊಂಡು, "ಅದು ನಮ್ಮ ಕಡೆಯಿಂದಲೇ ಅಲ್ಲಿಗೆ ಹೋಗಿರಬೇಕು ಉಸ್ತೊ, ಲೆಕ್ಕಕ್ಕೆ ಹಿಡೀಬೇಡಿ" ಎಂದರು. ನನ್ನ ಹೆಂಡತಿ ಒಳಗಿಂದ, "ಹೊಗಳಿದ್ದನ್ನಾದ್ರೂ ಲೆಕ್ಕಕ್ಕೆ ಹಿಡ್ಕೊಳ್ಳಿ ಬಿಡಿ" ಎಂದಳು.

ತಾಜಿಕ್ ಮನೆಗೂ ಉಜ್ಬೆಕ್ ಮನೆಗೂ ಸಂಬಂಧ ಕುದುರಿದರೆ ನಿಶ್ಚಿತಾರ್ಥದ ರೊಟ್ಟಿ ನಮ್ಮಲ್ಲಿಂದಲೇ ಹೋಗಬೇಕು. ಎರಡು ಕಡೆಯ ಹಿರಿಯರು ಒಂದೇ ರೊಟ್ಟಿಯನ್ನು ಹಿಡಿದು ಮುರಿಯುವ ಮುಂಚೆ ಅದರ ನಡುವಿನ ಪದವನ್ನು ತಮ್ಮ ತಮ್ಮ ನುಡಿಯಲ್ಲಿ ಓದುತ್ತಾರೆ. ಆ ಕಡೆಯವರಿಗೆ ಒಂದು ಅರ್ಥ, ಈ ಕಡೆಯವರಿಗೆ ಇನ್ನೊಂದು. ನಕ್ಕ ಮೇಲೆ ಯಾರು ತಾನೇ ಬಿಗಿದುಕೊಂಡು ಕೂರುತ್ತಾರೆ?

ಈ ಯೋಚನೆ ನನಗೆ ಹೇಗೆ ಹೊಳೆಯಿತು ಎಂದು ಎಲ್ಲರೂ ಕೇಳುತ್ತಾರೆ. ಹೇಳುತ್ತೇನೆ. ನನ್ನದೇ ಮದುವೆಯಿಂದ ಹೊಳೆಯಿತು. ಅಂಜಿರಾತ್ ಉರ್ಗುತ್ ಕಡೆಯ ಉಜ್ಬೆಕ್ ಹುಡುಗಿ, ಬೂಟು ಹೊಲಿಯುವವರ ಮಗಳು. ನಮ್ಮ ನಿಶ್ಚಿತಾರ್ಥದ ರೊಟ್ಟಿಯನ್ನು ನನ್ನ ತಾಯಿ ಮುರಿಯಲಿಲ್ಲ. ಹಲ್ಲುನೋವೆಂದು ಮಲಗಿಬಿಟ್ಟರು. ಆಗ ಅವರ ಬಾಯಲ್ಲಿದ್ದದ್ದೇ ಮೂರು ಹಲ್ಲು. ಸೋದರಮಾವ ಮುರಿದ. ಮದುವೆಯಾಗಿ ಒಂದು ವರ್ಷ ತಾಯಿ ಸೊಸೆಯ ಜೊತೆ ನೇರ ಮಾತಾಡಲಿಲ್ಲ. ನನ್ನ ಕಡೆ ನೋಡಿಕೊಂಡೇ ಹೇಳುವರು: "ಒಂದಕ್ಷರ ನಮ್ಮ ಮಾತು ಬರಲ್ಲ ಇದಕ್ಕೆ. ಗೂಟದ ಥರ ನಿಂತಿರತ್ತೆ. ಬೋರ್, ಬೋರ್, ನನ್ನ ಬೆನ್ನಿಗೊಂದು ಬೋರ್." ನಮ್ಮಲ್ಲಿ ಬೋರ್ ಎಂದರೆ ಹೊರೆ.

ನಾನೇನು ಮಾಡಿದೆ? ನಾನು ಒಲೆಗೆ ಕಟ್ಟಿಗೆ ತುಂಬಿದೆ. ಅತ್ತೆ ಸೊಸೆಯರ ನಡುವೆ ಸಿಕ್ಕವನಿಗೆ ಒಲೆಯಷ್ಟು ಒಳ್ಳೆಯ ಅಡಗುತಾಣ ಇನ್ನೊಂದಿಲ್ಲ.

ಗೂಟದ ಥರ ನಿಂತಿದ್ದ ಅಂಜಿರಾತ್ ಸುಮ್ಮನೆ ನಿಂತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು. ಅತ್ತೆಯ ಬೈಗುಳದಲ್ಲಿ ತನಗೆ ಗೊತ್ತಿರುವ ಪದ ಯಾವುದಾದರೂ ಸಿಗುತ್ತದೆಯೇ ಎಂದು ಒಂದು ವರ್ಷ ಹುಡುಕಿದಳು. ಒಂದು ಶುಕ್ರವಾರ ಮಧ್ಯಾಹ್ನ ತಾಯಿಯ ಮುಂದೆ ಒಂದು ರೊಟ್ಟಿ ಇಟ್ಟಳು. ನಡುವೆ ಹೂವಿನ ಬದಲು ಅಕ್ಷರ: ಬೋರ್. ತಾಯಿಯ ಮುಖ ಕೆಂಪಾಯಿತು. "ನನ್ನನ್ನೇ ಆಡ್ಕೋತೀಯೇನೇ?" ಎಂದರು. ಒಂದು ವರ್ಷದಲ್ಲಿ ಸೊಸೆಗೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು. ಅಂಜಿರಾತ್ ಹರಕುಮುರುಕು ತಾಜಿಕ್‌ನಲ್ಲಿ, "ಇಲ್ಲ ಅಮ್ಮಾ. ನಮ್ಮ ಕಡೆ ಹೀಗಂದ್ರೆ 'ಇದೆ' ಅಂತ. ಈ ಮನೇಲಿ ನಾನೂ ಇದೀನಿ. ಅಷ್ಟೇ" ಎಂದಳು. ತಾಯಿ ಆ ರೊಟ್ಟಿಯನ್ನು ಕೈಗೆತ್ತಿಕೊಂಡರು. ಆಮೇಲೆ ಅದರ ಒಂದು ತುದಿ ತಾವು ಹಿಡಿದು, "ಹಿಡಿ ಆ ಕಡೆ" ಎಂದರು. ಇಬ್ಬರೂ ಸೇರಿ ಮುರಿದರು. ಒಂದು ವರ್ಷ ತಡವಾಗಿ ನನ್ನ ನಿಶ್ಚಿತಾರ್ಥ ಅಂದು ಪೂರ್ತಿಯಾಯಿತು, ಸಭಿಕರೇ. ನಾನು ಒಲೆಯ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಹೊಗೆ ಎಂದು ಹೇಳಿಕೊಂಡೆ.

ಅದೇ ಮೊದಲನೆಯ ಅಚ್ಚು, ಪೆಟ್ಟಿಗೆಯ ಎಡತುದಿಯಲ್ಲಿದೆ. ಮೂವತ್ತೊಂದಕ್ಕೂ ಬೂಟಿನ ಮೊಳೆಗಳನ್ನೇ ಯಾಕೆ ಹೊಡೆದಿದ್ದಾರೆ ಎಂದು ಸಂಗ್ರಹಾಲಯದವರು ಆಶ್ಚರ್ಯಪಟ್ಟರು. ಅದರಲ್ಲಿ ಆಶ್ಚರ್ಯವೇನಿದೆ? ಮಾವನ ಅಂಗಡಿಯ ಮೊಳೆ, ಮಾವನ ಸುತ್ತಿಗೆ. ಅವಳು ಚಿಕ್ಕಂದಿನಿಂದ...

ಇರಲಿ. ಏನು ಹೇಳುತ್ತಿದ್ದೆ? ಹೌದು, ಅಚ್ಚು. ಅಚ್ಚು ಮಾಡುವುದು ಹುಡುಗಾಟವಲ್ಲ. ಮರದ ಮೇಲೆ ಅಕ್ಷರದ ಮೊಳೆಗಳನ್ನು ತಿರುಗುಮುರುಗಾಗಿ ಹೊಡೆಯಬೇಕು, ಆಗ ಹಿಟ್ಟಿನ ಮೇಲೆ ನೆಟ್ಟಗೆ ಮೂಡುತ್ತದೆ. ಒಂದೇ ಒಂದು ಸಲ, ಅಂಜಿರಾತ್ ಹೆರಿಗೆಗೆ ತವರಿಗೆ ಹೋಗಿದ್ದಾಗ, ಈ ಇಸ್ಮತುಲ್ಲೊ ಅವರ ತಂಗಿಯ ನಿಶ್ಚಿತಾರ್ಥಕ್ಕೆ ನಾನು ಅವಸರದಲ್ಲಿ ನೆಟ್ಟಗೇ ಮೊಳೆ ಹೊಡೆದುಬಿಟ್ಟೆ. ಅರವತ್ತು ರೊಟ್ಟಿಯೂ ಉಲ್ಟಾ! ರೊಟ್ಟಿಯನ್ನು ಎಸೆಯುವ ಹಾಗಿಲ್ಲವಲ್ಲ, ಎರಡು ಮನೆಯವರೂ ಕನ್ನಡಿ ಹಿಡಿದು ಓದಿ ತಿಂದರು. ಅಧ್ಯಕ್ಷರು ಇನ್ನೂ ನಗುತ್ತಿದ್ದಾರೆ. ನಗಿ ಸ್ವಾಮಿ. ನಿಮ್ಮ ಆ ತಂಗಿಯ ಗಂಡ ಇವತ್ತಿಗೂ ನನ್ನನ್ನು ಬೀದಿಯಲ್ಲಿ ಕಂಡರೆ ಹಿಂದುಮುಂದಾಗಿ ನಡೆದು ತೋರಿಸುತ್ತಾನೆ.

ಆದರೆ ಇವತ್ತು ಆ ಕಳಂಕ ಕಳೆಯುತ್ತೇನೆ. ಮೂರು ವಾರ ಯಾರಿಗೂ ಕಾಣದಂತೆ ಕೂತು ಮೂವತ್ತೆರಡನೆಯ ಅಚ್ಚನ್ನು ನಾನೇ, ನನ್ನ ಕೈಯಾರೆ ಮಾಡಿದ್ದೇನೆ. ಅದರಲ್ಲಿರುವುದು ನನ್ನ ಹೆಂಡತಿಯ ಹೆಸರು. ಆ ಹೆಸರಿಗೆ ಎರಡು ನುಡಿಯಲ್ಲೂ ಒಂದೇ ಅರ್ಥ: ಅವಳು. ಬೆಳಿಗ್ಗೆ ನಾನು ಈ ಹಾಳು ಟೈ ಕಟ್ಟುತ್ತ ಪರದಾಡುತ್ತಿದ್ದಾಗ ಮಗ ಫರ್ರುಖ್ ಒಂದೇ ಒಂದು ರೊಟ್ಟಿ ಸುಟ್ಟು ಬಟ್ಟೆ ಸುತ್ತಿ ಕೊಟ್ಟ. ನೋಡೋಣ ಅಂದರೆ, "ಬೇಡ ಅಪ್ಪಾ, ಅಲ್ಲೇ ಎಲ್ಲರ ಮುಂದೆ ಬಿಚ್ಚು" ಎಂದ. ಬಿಚ್ಚುತ್ತಿದ್ದೇನೆ. ನೋಡಿ...

ಹಾಳಾದವನೇ, ಫರ್ರುಖ್.

ನಗಿ. ಎಲ್ಲರೂ ನಗಿ. ಹೌದು, ಉಲ್ಟಾ ಬಂದಿದೆ. ಅವಳ ಹೆಸರೇ ಹಿಂದುಮುಂದಾಗಿ ಬಂದಿದೆ.

ಸ್ವಲ್ಪ ನೀರು ಕೊಡಿ.

ಅಧ್ಯಕ್ಷರೇ, ನನಗೆ ಅಚ್ಚು ಮಾಡಲು ಬರುವುದಿಲ್ಲ. ಯಾವತ್ತೂ ಬರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಬೇಕೇ? ಆ ಮೂವತ್ತೊಂದರಲ್ಲಿ ಒಂದು ಮೊಳೆಯನ್ನೂ ನಾನು ಹೊಡೆದಿಲ್ಲ, ಒಂದು ಪದವನ್ನೂ ನಾನು ಹುಡುಕಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಬೈಗುಳದಲ್ಲಿ, ನನ್ನ ತಾಯಿಯ ಕೊನೆಗಾಲದ ಹಾಸಿಗೆಯ ಪಕ್ಕದಲ್ಲಿ ಅವಳೇ ಆರಿಸಿದ್ದು. ಆ ಹಾಸಿಗೆಯಲ್ಲಿ ಮಲಗಿ ತಾಯಿ, "ನಿಮ್ಮ ಮಾತಲ್ಲಿ ಬೋರ್ ಅಂದ್ರೆ 'ಹೋಗು' ಅಂತಾನೂ ಆಗತ್ತಂತಲ್ಲೇ? ಅಷ್ಟು ಸಲ ಅಂದೆ, ನೀನು ಹೋಗ್ಲೇ ಇಲ್ಲ, ಪುಣ್ಯಗಿತ್ತಿ" ಎಂದು ಅವಳ ಕೈ ಹಿಡಿದರು. ಜನ "ಭಲೇ ಉಸ್ತೊ" ಅಂದಾಗಲೆಲ್ಲ ನಾನು ಸುಮ್ಮನಿದ್ದೆ, ಅವಳೂ ಸುಮ್ಮನಿದ್ದಳು. ನಲವತ್ತೆರಡು ವರ್ಷ ಸುಮ್ಮನಿದ್ದುಬಿಟ್ಟೆವು. ನನಗೆ ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚು, ಹೇಗೆ ಹೇಳಲಿ, ಹೆಮ್ಮೆಯಾಗುತ್ತಿದೆ. ನನಗೆ ಸನ್ಮಾನವಾದಾಗ ಆಗದಷ್ಟು ಹೆಮ್ಮೆ ಈಗ ಆಗುತ್ತಿದೆ.

ಅಂಜಿರಾತ್, ಕೊನೆಯ ಸಾಲಿನಲ್ಲಿ ತಲೆ ಅಲ್ಲಾಡಿಸಬೇಡ, ನನಗೆ ಕಾಣುತ್ತಿದೆ. ಫರ್ರುಖ್, ಅಮ್ಮನನ್ನು ಕರೆದುಕೊಂಡು ಬಾ. ಈ ನಿಲುವಂಗಿ ಗಂಡಸರದು ಎಂದು ಯಾರೂ ತಕರಾರು ತೆಗೆಯಬಾರದು, ತೋಳು ಮಡಚಿದರಾಯಿತು. ಸಂಗ್ರಹಾಲಯದವರೇ, ಆ ಫಲಕವನ್ನು ತಿದ್ದುವವರೆಗೆ ಪೆಟ್ಟಿಗೆ ಈ ಸಭಾಂಗಣ ಬಿಟ್ಟು ಹೋಗುವುದಿಲ್ಲ. "ಅಂಜಿರಾತ್ ಅವರ ಅಚ್ಚುಗಳು" ಎಂದು ಬರೆಯಿರಿ. ಕೆಳಗೆ ಜಾಗ ಉಳಿದರೆ, ಸಣ್ಣ ಅಕ್ಷರದಲ್ಲಿ, "ರೊಟ್ಟಿ ಸುಟ್ಟವನು ಜಿಯೊವುದ್ದೀನ್" ಎಂದು ಸೇರಿಸಿ. ರೊಟ್ಟಿಯನ್ನು ನಾನು ಚೆನ್ನಾಗಿಯೇ ಸುಟ್ಟಿದ್ದೇನೆ, ಅದನ್ನು ಬಿಟ್ಟುಕೊಡುವುದಿಲ್ಲ. ಕೆತ್ತುವ ಕೆಲಸವನ್ನು ಮಾತ್ರ ದಯವಿಟ್ಟು ನನಗೆ ಹೇಳಬೇಡಿ.

ಬಾ, ಅಂಜಿರಾತ್. ಈ ಉಲ್ಟಾ ರೊಟ್ಟಿಯ ಒಂದು ತುದಿ ಹಿಡಿ. ನಾವಿಬ್ಬರೂ ಸೇರಿ ರೊಟ್ಟಿ ಮುರಿಯುವುದೊಂದು ಬಾಕಿಯಿತ್ತು.

ಇಷ್ಟು ಹೊತ್ತು ಹಸಿದುಕೊಂಡು ಕೇಳಿದ ಎಲ್ಲರಿಗೂ, ಇಷ್ಟು ವರ್ಷ ಸುಮ್ಮನಿದ್ದ ಒಬ್ಬಳಿಗೂ, ನನ್ನ ಕೃತಜ್ಞತೆ, ನಮಸ್ಕಾರ.