ಹಸಿರು ಕಾರಿಗೆ ಹತ್ತು ನಿಮಿಷ

ಮಾನ್ಯ ಪಾದ್ರಿಗಳೇ, ಮಿಲ್ ಲೇನ್ ಸ್ಲಾಟ್ ಕಾರ್ ಕ್ಲಬ್ಬಿನ ಗೆಳೆಯ ಗೆಳತಿಯರೇ, ಎರಡು ಬಸ್ ಬದಲಾಯಿಸಿ ಬಂದಿರುವ ಬರ್ನ್ಲಿ ತಂಡದವರೇ, ಎಲ್ಲರಿಗಿಂತ ಮೊದಲು ಹೆಸರಿಸಬೇಕಿದ್ದ, ಮುಂದಿನ ಸಾಲಿನಲ್ಲಿ ಕೂತಿರುವ ಮ್ಯೂರಿಯಲ್ ಹಿಂಡಲ್ ಅವರೇ — ಎಲ್ಲರಿಗೂ ನಮಸ್ಕಾರ.

ಇಪ್ಪತ್ತಮೂರು ವರ್ಷ ಈ ಕ್ಲಬ್ಬಿನ ತಪಾಸಣೆಗಾರರಾಗಿದ್ದ ದಿವಂಗತ ಶ್ರೀ ಅರ್ನಾಲ್ಡ್ ಹಿಂಡಲ್ ಅವರನ್ನು ನೆನೆಯಲು ನಾವಿಲ್ಲಿ ಸೇರಿದ್ದೇವೆ. ಅವರು ನಮ್ಮನ್ನಗಲಿ ಇಂದಿಗೆ ಮೂರು ವಾರ — ನೋಡಿ, ಒಂದು ಮಾತು. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ನನ್ನ ಪಕ್ಕದಲ್ಲೇ ಇಂಜಿನ್ ಕೆಳಗೆ ಮಲಗಿದವನನ್ನ 'ಅವರು' ಅಂದ್ರೆ ನನ್ನ ನಾಲಿಗೆ ತೊಡರುತ್ತೆ. 'ಅವನು' ಅಂತೀನಿ. ಮ್ಯೂರಿಯಲ್, ಬೇಜಾರಿಲ್ಲ ತಾನೇ? — ತಲೆ ಆಡಿಸಿದ್ರು. ಸರಿ.

ನಾನು ಬ್ಯಾರಿ ಲೊಮಾಕ್ಸ್. ಒಂಬತ್ತು ವರ್ಷ ತಪಾಸಣೆ ಮೇಜಲ್ಲಿ ಅರ್ನಾಲ್ಡ್ ಪಕ್ಕದಲ್ಲಿ ಕೂತು ಪಾಸು-ನಪಾಸು ಚೀಟಿ ಬರೆದವನು. ಇವತ್ತು ಟೀ ಆದ ಮೇಲೆ ಅವನ ನೆನಪಿನ ರೇಸು ಇದೆ. ಅದರಲ್ಲಿ ಅರ್ನಾಲ್ಡನ ಹಸಿರು ಕಾರು ಓಡಬೇಕು ಅನ್ನೋದು ಅವನ ಹೆಂಡತಿ ಮ್ಯೂರಿಯಲ್ ಅವರ ಆಸೆ. ಓಡಿಸೋದೂ ಅವರೇ. ಆ ಕಾರನ್ನ ಬೆಳಗ್ಗೆ ತಪಾಸಣೆ ಮಾಡಿದ್ದು ನಾನು. ಏನಾಯ್ತು ಅಂತ ಆಗ ಇಲ್ಲಿದ್ದ ಐದಾರು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅದನ್ನ ಹೇಳೋಕೇ ಎದ್ದು ನಿಂತಿದ್ದೀನಿ, ಆದ್ರೆ ನೇರವಾಗಿ ಹೇಳೋಕೆ ಧೈರ್ಯ ಸಾಲ್ತಿಲ್ಲ.

ಬ್ಲ್ಯಾಕ್‌ಪೂಲಿಂದ ಬಂದಿರೋ ಮ್ಯೂರಿಯಲ್ ಕಡೆಯ ನೆಂಟರಿದ್ದಾರೆ, ಅವರಿಗೋಸ್ಕರ ಸ್ವಲ್ಪ. ಆ ಹಿಂದೆ ಹಾಲ್ ತುಂಬ ಹರಡಿಕೊಂಡಿದೆಯಲ್ಲ, ಅದು ನಮ್ಮ ಟ್ರ್ಯಾಕ್. ಉದ್ದಕ್ಕೂ ಆರು ಸೀಳು — ಲೇನ್ ಅಂತೀವಿ — ಆರು ಕಾರು. ಕಾರು ಇಷ್ಟೇ — ಅಂಗೈಯಷ್ಟು. ಕೈಯಲ್ಲಿರೋ ಕಂಟ್ರೋಲರ್ ಒತ್ತಿದಷ್ಟೂ ಓಡುತ್ತೆ, ಜಾಸ್ತಿ ಒತ್ತಿದ್ರೆ ತಿರುವಲ್ಲಿ ಹಾರಿ ಯಾರದೋ ಟೀ ಕಪ್ಪಿಗೆ ಬೀಳುತ್ತೆ. ರೇಸಿಗೆ ಮೊದಲು ಪ್ರತಿ ಕಾರೂ ತಪಾಸಣೆ ಮೇಜಿಗೆ ಬರಬೇಕು. ತೂಕ, ಅಗಲ, ಚಕ್ರ, ಎಲ್ಲ ನಿಯಮದ ಪ್ರಕಾರ ಇರಬೇಕು. ಆ ಮೇಜಿನ ಹಿಂದೆ ಕೂರ್ತಿದ್ದವನು ಅರ್ನಾಲ್ಡ್.

ನಮ್ಮ ಕ್ಲಬ್ಬಲ್ಲಿ ಕಾರಿನ ಹೊಟ್ಟೆಯಲ್ಲಿ ಅಯಸ್ಕಾಂತ ಇರೋ ಹಾಗಿಲ್ಲ. ಇದ್ದರೆ ಕಾರು ಟ್ರ್ಯಾಕಿಗೆ ಅಂಟಿಕೊಂಡು ಓಡುತ್ತೆ, ಅದು ಮೋಸ. ಅರ್ನಾಲ್ಡ್ ಒಂದು ಗುಂಡುಸೂಜಿಗೆ ದಾರ ಕಟ್ಟಿ, ಹೀಗೆ, ಕಾರಿನ ಹೊಟ್ಟೆ ಮೇಲೆ ನಿಧಾನಕ್ಕೆ ಇಳಿಸ್ತಿದ್ದ. ಒಂದು ಮಂಗಳವಾರ ಪಾದ್ರಿಗಳ ಕಾರು ಬಂತು — ಪಾದ್ರಿಗಳೇ, ಕ್ಷಮಿಸಿ, ಹೇಳಲೇಬೇಕು. ಸೂಜಿ ಟಕ್ ಅಂತ ಹೋಗಿ ಅಂಟಿಕೊಳ್ತು. ಪಾದ್ರಿಗಳು, "ಅಯ್ಯೋ ಅರ್ನಾಲ್ಡ್, ಅದು ಒಳಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ!" ಅಂದ್ರು. ಅರ್ನಾಲ್ಡ್ ಕನ್ನಡಕದ ಮೇಲಿಂದ ನೋಡಿ, "ದೇವರಿಗೆ ಗೊತ್ತಿತ್ತು ಸ್ವಾಮಿ. ಈಗ ನನಗೂ ಗೊತ್ತಾಯ್ತು. ಬಿಚ್ಚಿ" ಅಂದ. ಈ ಹಾಲ್ ಪಾದ್ರಿಗಳದ್ದು, ಬೀಗದ ಕೈ ಪಾದ್ರಿಗಳದ್ದು, ಹೊರಗೆ ಹಾಕಿದ್ರೆ ನಾವೆಲ್ಲ ಬೀದಿಗೆ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ. ತಿರುಗಿ ನನ್ನ ಕಾಲನ್ನೇ ತುಳಿದ.

ಹಾಗಂತ ಅವನು ಕಲ್ಲಲ್ಲ. ಡೆರೆಕ್ ನಟಲ್ ಎಲ್ಲಿ? — ಅಲ್ಲಿದ್ದಾನೆ, ಕೈ ಎತ್ತಬೇಡ ಮಾರಾಯ, ಎಲ್ರಿಗೂ ಕಾಣ್ತೀಯ. ಡೆರೆಕ್‌ನ ಕಾರಿನ ಒಳಗಿದ್ದ ಚಾಲಕನ ಗೊಂಬೆಯ ತಲೆ ಹಾರಿಹೋಗಿತ್ತು. ನಿಯಮದಲ್ಲಿ ಚಾಲಕನಿಗೆ ತಲೆ, ಭುಜ, ಎರಡು ಕೈ ಇರಬೇಕು ಅಂತಿದೆ. ಅರ್ನಾಲ್ಡ್ ವಾಪಸ್ ಕೊಟ್ಟ. "ತಲೆ ಇಲ್ಲದೋರು ಓಡಿಸೋ ಹಾಗಿಲ್ಲ ಡೆರೆಕ್. ನಿನಗೆ ಮಾತ್ರ ವಿನಾಯಿತಿ ಕೊಟ್ಟಿದ್ದೀವಿ." ಡೆರೆಕ್ ಧುಮುಗುಟ್ಟುತ್ತಾ ಅಡುಗೆಮನೆಗೆ ಹೋದ. ಒಂದು ಒಣ ಬಟಾಣಿ ಹುಡುಕಿ, ಪೆನ್ನಲ್ಲಿ ಕಣ್ಣು ಮೂಗು ಬರೆದು, ಅಂಟಿಸಿಕೊಂಡು ಬಂದ. ನಾವೆಲ್ಲ ಬಿದ್ದು ಬಿದ್ದು ನಕ್ವಿ. ಅರ್ನಾಲ್ಡ್ ಮಾತ್ರ ನಗಲಿಲ್ಲ. ನಿಯಮದ ಪುಸ್ತಕ ತೆಗೆದು ಎರಡು ಸಲ ಓದಿದ. ತಲೆ ಯಾವುದರಿಂದ ಮಾಡಿರಬೇಕು ಅಂತ ಎಲ್ಲೂ ಬರೆದಿರಲಿಲ್ಲ. "ಪಾಸು" ಅಂದ. ಆ ಬಟಾಣಿ ಆ ವರ್ಷ ಚಾಂಪಿಯನ್ ಆಯ್ತು.

ನಿಮಗೆ ಒಂದು ವಿಷಯ ಮರೆತುಹೋಗಿರಬಹುದು. ಅರ್ನಾಲ್ಡ್ ಸ್ವತಃ ಮೂರು ವರ್ಷ ಚಾಂಪಿಯನ್. ಇದೇ ಹಸಿರು ಕಾರಲ್ಲಿ. ಆಮೇಲೆ ಹಳೇ ತಪಾಸಣೆಗಾರರು ಜಗಳವಾಡಿಕೊಂಡು ಬಿಟ್ಟುಹೋದ್ರು, ಆ ಮೇಜಿಗೆ ಯಾರೂ ಸಿಗಲಿಲ್ಲ. ಎಲ್ಲರ ಹತ್ರ ಬೈಸಿಕೊಳ್ಳೋ ಕೆಲಸ ಯಾರಿಗೆ ಬೇಕು? ಅರ್ನಾಲ್ಡ್ ಒಪ್ಪಿಕೊಂಡ. ಅಳೆಯೋನು ಓಡಿಸಬಾರದು ಅಂತ ತನಗೆ ತಾನೇ ನಿಯಮ ಹಾಕಿಕೊಂಡು ಕಾರನ್ನ ಡಬ್ಬಿಗೆ ಹಾಕಿ ಮುಚ್ಚಿದ. ಇಪ್ಪತ್ತಮೂರು ವರ್ಷ. ಅದರ ಬಗ್ಗೆ ಒಂದು ದಿನವೂ ಗೊಣಗಿದ್ದನ್ನ ನಾನು ಕೇಳಿಲ್ಲ.

ಈ ಜನವರಿಯಲ್ಲಿ ನನ್ನ ಕರೆದು ಹೇಳಿದ: "ಬ್ಯಾರಿ, ಕಣ್ಣು ಮಂಜಾಗ್ತಿದೆ. ಈಸ್ಟರ್ ಆದ ಮೇಲೆ ಮೇಜು ನಿಂದು. ನಾನು ಕಾರು ಓಡಿಸ್ತೀನಿ." ನಾನು ಆಗಲ್ಲ ಅಂದೆ. "ಆಗಲ್ಲ ಅಂತ ನನಗೂ ಗೊತ್ತು. ನಿನ್ನ ಕೈಗೆ ಅಳತೆಪಟ್ಟಿ ಕೊಟ್ರೆ ಕಾರು ಬಿಟ್ಟು ಕಾರಿನವನ ಮುಖ ನೋಡ್ತೀಯ. ಆದ್ರೆ ಬೇರೆ ಯಾರಿದ್ದಾರೆ?" ಅಂದ. ಈಸ್ಟರ್ ಆದ ಮೇಲಿನ ಮೊದಲ ರೇಸು, ಈಗ ಅವನ ನೆನಪಿನ ರೇಸಾಗಿರೋ ಇವತ್ತಿನದು, ಅದಕ್ಕೆ ಆಗಲೇ ಅವನೇ ಫಾರ್ಮ್ ತುಂಬಿದ್ದ. ಹಸಿರು ಕಾರು, ನಾಲ್ಕನೇ ಲೇನ್. ಅದಾಗಿ ಎರಡು ತಿಂಗಳಿಗೆ ಹೋಗಿಬಿಟ್ಟ. ಚಾಲಕನ ಹೆಸರಿನ ಜಾಗದಲ್ಲಿ ಮ್ಯೂರಿಯಲ್ ಅಂತ ಬರೆಯೋಕೆ ಕಮಿಟಿ ಕಳೆದ ವಾರ ಒಪ್ಪಿಗೆ ಕೊಡ್ತು.

ಇನ್ನು ಬೆಳಗಿನ ಮಾತು.

ಮ್ಯೂರಿಯಲ್ ಡಬ್ಬಿ ತಂದು ಮೇಜಿನ ಮೇಲಿಟ್ಟರು. ತೂಕ ಸರಿ. ಅಗಲ ಸರಿ. ಸೂಜಿ ಅಲ್ಲಾಡಲಿಲ್ಲ. ಚಾಲಕನಿಗೆ ತಲೆಯೂ ಇತ್ತು. ಕೊನೆಗೆ ಹಿತ್ತಾಳೆ ಪಟ್ಟಿ — ಒಂದು ಮಿಲಿಮೀಟರ್ ದಪ್ಪ, ಕಾರಿನ ಕೆಳಗೆ ತಡೆಯಿಲ್ಲದೆ ಜಾರಿ ಆಚೆ ಬರಬೇಕು. ತಳ್ಳಿದೆ. ಸಿಕ್ಕಿಹಾಕಿಕೊಳ್ತು. ಪಟ್ಟಿ ಒರೆಸಿ ಮತ್ತೆ ತಳ್ಳಿದೆ. ಮತ್ತೆ ಸಿಕ್ಕಿಕೊಳ್ತು. ಇಪ್ಪತ್ತಮೂರು ವರ್ಷ ಡಬ್ಬಿಯಲ್ಲಿ ಕೂತು ಹಿಂದಿನ ಎರಡು ಟೈರಿನ ರಬ್ಬರ್ ಕುಗ್ಗಿಹೋಗಿತ್ತು, ಕಾರು ನೆಲಕ್ಕೆ ಇಳಿದಿತ್ತು.

ನಿಯಮ ನಿಮಗೆಲ್ಲ ಗೊತ್ತು. ನಪಾಸಾದ ಕಾರಿಗೆ ಹತ್ತು ನಿಮಿಷ, ಒಂದೇ ಸಲ. ಆ ಹತ್ತು ನಿಮಿಷದಲ್ಲಿ ಕಾರು ಮುಟ್ಟಬೇಕಾದ್ದು ಫಾರ್ಮಲ್ಲಿ ಹೆಸರಿರೋ ಚಾಲಕರು ಮಾತ್ರ. ಬೇರೆಯವರ ಕೈ ತಾಗಿದ್ರೆ ಅಲ್ಲಿಗೆ ಮುಗೀತು. ಮ್ಯೂರಿಯಲ್ ಮದುವೆಯಾದ ನಲವತ್ತಾರು ವರ್ಷದಲ್ಲಿ ಒಂದು ಕಾರನ್ನೂ ಮುಟ್ಟಿದವರಲ್ಲ. ಬೆರಳಲ್ಲಿ ಗಂಟುನೋವು ಬೇರೆ. ಹಿಂದಿನ ಎರಡು ಟೈರು ಬದಲಾಯಿಸಬೇಕು, ನೀವೇ ಮಾಡಬೇಕು ಅಂತ ನಾನು ಹೇಳಿದೆ. ಅವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, "ಹೊಸ ಟೈರು ಕೊಡು. ಗಡಿಯಾರ ನೋಡ್ಕೋ" ಅಂದ್ರು.

ಮೊದಲನೇ ಟೈರಿಗೆ ಐದು ನಿಮಿಷ ಹಿಡೀತು. ಎರಡನೇದು ಬೆರಳಿಂದ ಚಿಮ್ಮಿ, ಉರುಳಿ ಉರುಳಿ, ಆ ಗೋಡೆಯ ಹೀಟರ್ ಕೆಳಗೆ ಹೋಯ್ತು. ನಾವು ಆರು ಜನ ದೊಡ್ಡ ಗಂಡಸರು ಕೈಕಟ್ಟಿ ನಿಂತಿದ್ದೀವಿ, ಎಪ್ಪತ್ತನಾಲ್ಕು ವರ್ಷದ ಹೆಂಗಸು ಮೊಣಕಾಲೂರಿ ಹೀಟರ್ ಕೆಳಗೆ ಕೈ ಹಾಕ್ತಿದ್ದಾರೆ. ಡೆರೆಕ್ ತಡೀಲಾರದೆ, "ಬಲಕ್ಕೆ, ಮ್ಯೂರಿಯಲ್, ಇನ್ನೂ ಬಲಕ್ಕೆ!" ಅಂದ. "ಹೇಳಿಕೊಡೋದೂ ಸಹಾಯನೇ, ಬಾಯಿ ಮುಚ್ಚು" ಅಂತ ನಾನು ಗದರಿದೆ. ನನ್ನ ಬಾಯಿಂದ ಅಂಥ ಮಾತು ಬಂದಿದ್ದು ನೋಡಿ ಡೆರೆಕ್ ನಿಜವಾಗಿಯೂ ಬಾಯಿ ಮುಚ್ಚಿದ.

ಟೈರು ಸಿಕ್ತು. ಎದ್ದು ಬಂದು ಕೂತರು. ಅರ್ಧ ಚಕ್ರಕ್ಕೆ ಹತ್ತಿತು. ಇನ್ನರ್ಧ — ಹೀಗೆ ಹೆಬ್ಬೆರಳಲ್ಲಿ ಒತ್ತುತ್ತಿದ್ದಾರೆ, ಒತ್ತುತ್ತಿದ್ದಾರೆ — ಮುಳ್ಳು ಹತ್ತಕ್ಕೆ ಬಂತು. ಗಡಿಯಾರ ಇದ್ದಿದ್ದು ನನ್ನೊಬ್ಬನ ಕೈಯಲ್ಲಿ. ಇಪ್ಪತ್ತು ಸೆಕೆಂಡು ನಾನು ಸುಮ್ಮನಿದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ. ಸುಮ್ಮನಿರಬೇಕು ಅಂತ ನನಗೆ ಎಷ್ಟು ಆಸೆಯಾಯ್ತು ಅಂತ ಹೇಳೋಕಾಗಲ್ಲ. ಅವರ ಮುಖ ನೋಡಿದೆ. ಆಮೇಲೆ ಮುಖದಿಂದ ಕಣ್ಣು ಕಿತ್ತು ಕಾರು ನೋಡಿದೆ.

"ಹತ್ತಾಯ್ತು ಮ್ಯೂರಿಯಲ್" ಅಂದೆ.

ಡೆರೆಕ್, "ನೀನು ಮನುಷ್ಯನೇನೋ?" ಅಂದ. ನ್ಯಾಯವಾದ ಪ್ರಶ್ನೆ.

ಮ್ಯೂರಿಯಲ್ ಕಾರನ್ನ ಕೆಳಗಿಟ್ಟರು. ಅತ್ತುಬಿಡ್ತಾರೆ ಅಂದುಕೊಂಡೆ. ಅವರು ನಗೋಕೆ ಶುರುಮಾಡಿದ್ರು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರೋ ತನಕ ನಕ್ಕರು. "ಪ್ರತಿ ಮಂಗಳವಾರ ಮನೆಗೆ ಬಂದು, ಇವತ್ತು ಇಂಥವನು ಬೈದ, ಅಂಥವನು ಮಾತು ಬಿಟ್ಟ ಅಂತಿದ್ದ ಕಣೋ. ಆಟದ ಕಾರಿಗೆ ಅಷ್ಟೇಕೆ, ಬಿಟ್ಟುಬಿಡಬಾರದಾ ಅಂತ ನಾನೂ ಬೈತಿದ್ದೆ. ಆಗಲ್ಲ ಅನ್ನೋಕೆ ಎಷ್ಟು ಕಷ್ಟ ಅಂತ ಈಗ ನಿನ್ನ ಮೋರೆ ನೋಡಿ ತಿಳೀತು. ಪಾಪ, ಅವನಿಗೆ ಮನೇಲೂ ಬೈಗುಳ, ಇಲ್ಲೂ ಬೈಗುಳ."

ಆಮೇಲೆ ನಗು ನಿಂತಿತು. ನಾನು, "ಅವನಿದ್ದಿದ್ರೂ..." ಅಂತ ಶುರುಮಾಡಿದೆ. "ಅವನಿದ್ದಿದ್ರೆ ಯೋಚನೆಯನ್ನೇ ಮಾಡ್ತಿರಲಿಲ್ಲ. ನೀನು ಮಾಡಿದೆ, ನಾನು ನೋಡಿದೆ" ಅಂದ್ರು. "ಪರವಾಗಿಲ್ಲ. ಅಭ್ಯಾಸ ಆಗುತ್ತೆ. ಈಗ ನಪಾಸು ಚೀಟಿ ಬರಿ."

ಬರೆದೆ. ಹಿಂಡಲ್ ಅನ್ನೋ ಹೆಸರಿಗೆ ಈ ಕ್ಲಬ್ಬಲ್ಲಿ ಬರೆದ ಮೊದಲನೇ ನಪಾಸು ಚೀಟಿ. ಹರಿದು ಅವರ ಕೈಗೆ ಕೊಟ್ಟೆ.

ಹಾಗಾಗಿ ಬಂಧುಗಳೇ, ಇವತ್ತು ಅರ್ನಾಲ್ಡನ ಕಾರು ಓಡೋದಿಲ್ಲ. ನಾಲ್ಕನೇ ಲೇನ್ ಖಾಲಿ ಇರುತ್ತೆ. ಅವನ ನೆನಪಿನ ರೇಸಲ್ಲೇ ಅವನ ಕಾರನ್ನ ನಿಲ್ಲಿಸಿದವನು ನಾನು, ಕೋಪ ಇರೋರು ಟೀ ಹೊತ್ತಿಗೆ ಬಂದು ಬೈಬಹುದು, ಸಾಲಾಗಿ ಬನ್ನಿ. ಗೆಳೆಯ ಹೋದ ದುಃಖ ನನಗಿದೆ. ಡಿಪೋದಲ್ಲೂ ಇಲ್ಲೂ ನನ್ನ ಪಕ್ಕದ ಜಾಗ ಯಾವಾಗಲೂ ಅವನದಾಗಿತ್ತು, ಬೆಳಗ್ಗೆ ಆ ಮೇಜಲ್ಲಿ ಕೂತಾಗ ಎರಡು ಸಲ ಪಕ್ಕಕ್ಕೆ ತಿರುಗಿ ಏನೋ ಕೇಳೋಕೆ ಹೋದೆ.

ಇನ್ನೊಂದೇ ಮಾತು. ಚೀಟಿ ಮಡಚಿ ಕೈಚೀಲಕ್ಕೆ ಹಾಕಿಕೊಂಡ ಮೇಲೆ ಮ್ಯೂರಿಯಲ್ ಕೋಟು ಹಾಕಿಕೊಳ್ಳಲಿಲ್ಲ. ಅಲ್ಲೇ ನಿಂತು ಕೇಳಿದರು, "ಮುಂದಿನ ತಿಂಗಳ ರೇಸಿಗೆ ಫಾರ್ಮ್ ಕೊಡೋದು ಯಾರು?"

ನಾನೇ ಅಂದೆ.

"ಕೊಡು ಮತ್ತೆ. ಮಂಗಳವಾರ ಸಂಜೆ ಮನೇಲಿ ಕೂತು ನಾನೇನು ಮಾಡಲಿ?"

ಫಾರ್ಮ್ ತುಂಬಿ ಕೊಟ್ಟಿದ್ದಾರೆ. ನಾಲ್ಕನೇ ಲೇನ್, ಮ್ಯೂರಿಯಲ್ ಹಿಂಡಲ್.

ಈಗ ಟ್ರ್ಯಾಕಿನ ಕರೆಂಟ್ ತೆಗೆಸಿದ್ದೀನಿ, ಕಾರುಗಳೆಲ್ಲ ನಿಂತಿವೆ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಕೈಯಲ್ಲಿರೋದನ್ನೆಲ್ಲ ಕೆಳಗಿಡಿ. ಅರ್ನಾಲ್ಡ್ ಹಿಂಡಲ್‌ಗಾಗಿ ಒಂದು ನಿಮಿಷ, ಪೂರ್ತಿ ಒಂದು ನಿಮಿಷ, ಮಾತಿಲ್ಲದೆ ನಿಲ್ಲೋಣ.