ಎಡಮಗ್ಗಲು

ಪೀಣ್ಯದ ಆ ಸ್ಕ್ಯಾನಿಂಗ್ ಸೆಂಟರಿಗೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಮಶೀನು ಬಂದು ಇನ್ನೂ ತಿಂಗಳಾಗಿರಲಿಲ್ಲ. ಸ್ಕ್ಯಾನಿಗೆಂದು ಎರಡು ಬಾಟಲಿ ನೀರು ಕುಡಿದು ಮೂತ್ರ ತಡೆದುಕೊಂಡು ಕೂತಿದ್ದ ರುದ್ರಮ್ಮನಿಗೆ ತನ್ನ ಸರದಿಯದೊಂದೇ ಧ್ಯಾನ. ಆದರೂ ಒಳಗಿನಿಂದ ಬಂದ ಆರು ತಿಂಗಳ ಬಸುರಿ, ಬೆಂಚಿನ ತುದಿಯಲ್ಲಿದ್ದ ತನ್ನ ಅತ್ತೆಯ ಪಕ್ಕ ಕುಸಿದು ಕೂತಾಗ ಅವರ ಮಾತು ತಾನಾಗಿ ಕಿವಿಗೆ ಬಿತ್ತು.

“ಏನಂದ್ರು?”

“ಮಶೀನ್ದಾಗ ಬುಸ್ ಬುಸ್ ಅಂತ ಹೊರಗ ಕೇಳಸ್ತಿತ್ತಲ್ರಿ ಅತ್ತಿ, ಅದು ಕೂಸಿನ ಎದಿ ಅಲ್ಲಂತ. ನನ್ನ ಗರ್ಭಚೀಲದ ರಕ್ತನಾಳಂತ.”

“ಕೂಸು?”

“ಐತಿ, ಸಣ್ಣದೈತಿ. ನಾಳ ಬಿಗಿಯಾಗ್ಯಾವು, ಅದಕ್ಕ ರಕ್ತ ಸಾಲವಲ್ದಂತ.”

“ಔಷಧ?”

“ಒಂದು ಗುಳಿಗಿ ಬರದಾರ. ಹಗಲೂ ಎಡಮಗ್ಗಲಿಗೆ ಮಲಗಬೇಕಂತ. ನಿಂತು ದುಡೀಬಾರದಂತ.”



“ಬೋಲ್ಟ್ ಪ್ಯಾಕಿಂಗು ನಿಂತೇ ಮಾಡೂದಲ್ಲ?”

“ಎಂಟು ತಾಸು. ಬಿಟ್ರ ನಾಳೆ ಆ ಜಾಗಕ್ಕ ಬ್ಯಾರೆಯಾಕಿ ಬರ್ತಾಳ.”

“ನಿನ್ನ ಫ್ಯಾಕ್ಟರಿ ಕಾರ್ಡ್ ಕೊಡು.”

“ಯಾಕ್ರಿ?”

“ಮೇಸ್ತ್ರಿ ತಲಿ ಎಣಸ್ತಾನ, ಮಾರಿ ನೋಡಂಗಿಲ್ಲ ಅಂದಿದ್ದಿಯಲ್ಲ. ನಿನ್ನ ಹೆಸರು ಹಿಡದು ನೀಲವ್ವ ಅಂತ ಕೂಗಿದ್ರ ನಾನೇ ಓ ಅಂತೀನಿ.”

“ಮೊಣಕಾಲು ಹಿಡದು, ಕುಂತ್ರ ಏಳಾಕ ಆಗಂಗಿಲ್ಲಲ್ರಿ ನಿಮಗ.”

“ಎಂಟು ತಾಸೂ ನಿಂತಿರೂ ಕೆಲಸ. ಏಳೂದು ಎಲ್ಲಿ ಬಂತು?”

ಸೊಸೆ ಚಾಚಿದ ಕೈ ಹಿಡಿಯದೆ, ಗೋಡೆಗೆ ಅಂಗೈಯೂರಿ, ಎರಡನೇ ಸಲಕ್ಕೆ ಎದ್ದು, ಮುದುಕಿ ಬಾಗಿಲ ಕಡೆ ಹೊರಟಳು.